ಪರಿವೀಕ್ಷಣಾ ಶಾಸನದಲ್ಲಿ ಸ್ನೇಹದ ಸ್ಥಾನ

ಅಪರಾಧಿಯನ್ನು ಸೆರೆಮನೆಗೆ ಕಳುಹಿಸದೆ, ಮನೆ ಕಸುಬುಗಳ ನಡುವೆಯೇ ಇರಗೊಟ್ಟು, ಒಬ್ಬ ಅಧಿಕಾರಿಯ ಮೇಲ್ವಿಚಾರಣೆಗೆ ಒಪ್ಪಿಸುವ ಕ್ರಮಕ್ಕೆ ಪರಿವೀಕ್ಷಣೆ, ಎಂದರೆ ಪ್ರೊಬೇಷನ್, ಎಂದು ಹೆಸರು. ನಮ್ಮ 1958ರ ಅಪರಾಧಿಗಳ ಪರಿವೀಕ್ಷಣಾ ಅಧಿನಿಯಮವನ್ನು ಇಂಗ್ಲೆಂಡಿನ 1907ರ ಶಾಸನದೊಡನೆ ಹೋಲಿಸಿ ಓದುವವರಿಗೆ ಒಂದು ವ್ಯತ್ಯಾಸ ಕಾಣದಿರದು. ಸಲಹೆ ನೀಡುವುದು, ನೆರವಾಗುವುದು, ಸ್ನೇಹಿತನಾಗುವುದು ಎಂಬ ಮೂರು ಕರ್ತವ್ಯಗಳನ್ನು ಇಂಗ್ಲೆಂಡಿನ ಶಾಸನವು ಅಧಿಕಾರಿಗೆ ವಿಧಿಸಿದ್ದಿತು. ನಮ್ಮ ಅಧಿನಿಯಮದ 14ನೆಯ ಪ್ರಕರಣದಲ್ಲಿ ಮೊದಲೆರಡು ಉಳಿದಿವೆ. ತಕ್ಕ ಉದ್ಯೋಗ ದೊರಕಿಸಲು ಯತ್ನಿಸಬೇಕೆಂಬ ಮಾತೂ ಉಳಿದಿದೆ. ಸ್ನೇಹ ಮಾತ್ರ ಬಿಟ್ಟುಹೋಗಿದೆ.

ಈ ಮಾತಿನ ಮೂಲ ಶಾಸನಕಾರರ ಕಲ್ಪನೆಯಲ್ಲ. 1841ರ ಆಗಸ್ಟ್ ತಿಂಗಳಲ್ಲಿ ಅಮೆರಿಕದ ಬಾಸ್ಟನ್ ನಗರದ ಪೊಲೀಸ್ ನ್ಯಾಯಾಲಯಕ್ಕೆ ಕುಡಿತದ ಆಪಾದನೆಯ ಮೇಲೆ ಹರಕುಬಟ್ಟೆಯ ಒಬ್ಬಾತನನ್ನು ತಂದರು. ಅಲ್ಲಿದ್ದ ಜಾನ್ ಅಗಸ್ಟಸ್ ಎಂಬ ಬೂಟು ತಯಾರಕನು ಅವನೊಡನೆ ಮಾತನಾಡಿ, ಇನ್ನು ಕುಡಿಯೆನೆಂಬ ಮಾತು ಪಡೆದು, ತಾನೇ ಜಾಮೀನಾಗಿ ನಿಂತನು. ಮೂರು ವಾರಗಳ ಬಳಿಕ ಆ ಮನುಷ್ಯನು ಗುರುತು ಸಿಗದಂತೆ ಬದಲಾಗಿ ಬಂದನು. ನ್ಯಾಯಾಧೀಶರು ಒಂದು ಸೆಂಟ್ ದಂಡ ಹಾಗೂ ಖರ್ಚನ್ನು ವಿಧಿಸಿ ಬಿಟ್ಟರು. 1859ರಲ್ಲಿ ತೀರಿಕೊಳ್ಳುವ ವೇಳೆಗೆ ಅಗಸ್ಟಸನು ಸುಮಾರು 2000 ಮಂದಿಗೆ ಹೀಗೆ ಜಾಮೀನಾಗಿದ್ದನು. ಇದನ್ನು ಬರಿಯ ಮೃದುಹೃದಯವೆಂದು ಎಣಿಸುವುದು ತಪ್ಪು. ಆಪಾದಿತನ ನಡತೆ, ವಯಸ್ಸು, ಮುಂದೆ ಅವನು ಬೀಳಬಹುದಾದ ಸಹವಾಸ ಇವುಗಳನ್ನು ವಿಚಾರಿಸಿಯೇ ಆತನು ಒಪ್ಪುತ್ತಿದ್ದುದು. ನ್ಯಾಯಾಲಯದ ಸಿಬ್ಬಂದಿಯ ವಿರೋಧವನ್ನೂ ಎದುರಿಸಬೇಕಾಯಿತು; ಸೆರೆಗೆ ಹೋಗುವವನು ತಪ್ಪಿದರೆ ಅವರಿಗೆ ಬರುವ ಶುಲ್ಕವೂ ತಪ್ಪುತ್ತಿದ್ದಿತಷ್ಟೆ!

ಇಂಗ್ಲೆಂಡಿನಲ್ಲಿ ಇದೇ ಬಗೆಯ ಕಾರ್ಯವು ಬೇರೆಯಾಗಿ ಮೊದಲಾಯಿತು. 1876ರಲ್ಲಿ ಫ್ರೆಡರಿಕ್ ರೇನರ್ ಎಂಬ ಮುದ್ರಕನು ಅಲ್ಲಿನ ಚರ್ಚಿನ ಪಾನನಿರೋಧ ಸಂಘಕ್ಕೆ ಐದು ಷಿಲಿಂಗ್ ಕಳುಹಿಸಿದನು. ಅದರ ಫಲವಾಗಿ ಲಂಡನ್ನಿನ ನ್ಯಾಯಾಲಯಗಳಿಗೆ ಧರ್ಮಪ್ರಚಾರಕರು ಬಂದರು. ಅವರ ಮೂವತ್ತು ವರ್ಷಗಳ ದುಡಿಮೆಯೇ 1907ರ ಶಾಸನದ ಮಾತಾಯಿತು.

ಆ ಮಾತು ಅಲ್ಲಿಯೂ ನಿಲ್ಲಲಿಲ್ಲ. 1974ರಲ್ಲಿ ರಾಬರ್ಟ್ ಮಾರ್ಟಿನ್ಸನ್ ಎಂಬ ಅಮೆರಿಕದ ವಿದ್ವಾಂಸನು 231 ಅಧ್ಯಯನಗಳನ್ನು ಪರಿಶೀಲಿಸಿ ಬರೆದ ಲೇಖನವನ್ನು, ಅಪರಾಧಿಗಳನ್ನು ತಿದ್ದುವ ಯಾವ ಯತ್ನವೂ ಫಲಿಸದೆಂಬ ತೀರ್ಪಾಗಿ ಜನ ಓದಿದರು. 1979ರಲ್ಲಿ ಆತನೇ ತನ್ನ ಅಭಿಪ್ರಾಯವನ್ನು ತಿದ್ದಿಕೊಂಡರೂ ಅದಕ್ಕೆ ಮೊದಲಿನಷ್ಟು ಪ್ರಚಾರ ದೊರೆಯಲಿಲ್ಲ. ಶಿಕ್ಷೆಗೆ ಬದಲಾಗಿದ್ದ ಪರಿವೀಕ್ಷಣೆಯನ್ನು ಇಂಗ್ಲೆಂಡಿನ 1991ರ ಶಾಸನವು ಶಿಕ್ಷೆಯನ್ನಾಗಿಯೇ ಮಾಡಿತು. 2000ದ ಶಾಸನವು ಸಾರ್ವಜನಿಕರ ರಕ್ಷಣೆ, ತಕ್ಕ ಶಿಕ್ಷೆ ಮೊದಲಾದ ಗುರಿಗಳನ್ನು ಎಣಿಸಿತು, ಅವುಗಳಲ್ಲಿ ಸ್ನೇಹವಿಲ್ಲ. ವಿಚಿತ್ರವೆಂದರೆ, ಜರ್ಸಿ ದ್ವೀಪದಲ್ಲಿ ಅಧಿಕಾರಿಗಳ ಸಂದರ್ಶನಗಳನ್ನು ಚಿತ್ರೀಕರಿಸಿ ನಡೆಸಿದ, 2014ರಲ್ಲಿ ಪ್ರಕಟವಾದ ಅಧ್ಯಯನವು, ಮಾತುಕತೆಯಲ್ಲಿಯೂ ಸಂಬಂಧವನ್ನು ಬೆಳೆಸುವುದರಲ್ಲಿಯೂ ನುರಿತ ಅಧಿಕಾರಿಗಳ ಕೈಕೆಳಗಿದ್ದವರು ಮರಳಿ ಅಪರಾಧಿಗಳೆನಿಸಿದುದು ಕಡಿಮೆಯೆಂದು ತೋರಿಸಿತು.

ಇನ್ನು ನಮ್ಮ ಅಧಿನಿಯಮ. ಅದರ 4ನೆಯ ಪ್ರಕರಣದಂತೆ, ಅಪರಾಧಿಗಾಗಲಿ ಅವನ ಜಾಮೀನುದಾರನಿಗಾಗಲಿ ಸ್ಥಿರವಾದ ವಾಸಸ್ಥಳ ಅಥವಾ ಕ್ರಮವಾದ ಉದ್ಯೋಗ ಇದೆಯೆಂದು ನ್ಯಾಯಾಲಯಕ್ಕೆ ಮನವರಿಕೆಯಾದ ಹೊರತು ಬಿಡುಗಡೆಯಿಲ್ಲ. ಮನೆಯೂ ಕೆಲಸವೂ ಇಲ್ಲದೆ ಕಟಕಟೆಯಲ್ಲಿ ನಿಂತವನಿಗೆ, ಹಾಗಾದರೆ, ಜಾಮೀನೊಂದೇ ದಾರಿ. ಆ ಜಾಮೀನುದಾರನು ಎಲ್ಲಿಂದ ಬರಬೇಕೆಂಬುದನ್ನು ಶಾಸನವು ಹೇಳುವುದಿಲ್ಲ.