ರೂಟ್ ಕೆನಾಲ್ ಆದ ಹಲ್ಲು ಮತ್ತೆ ನೋಯುವುದೇಕೆ?

ರೂಟ್ ಕೆನಾಲ್ ಮಾಡಿಸಿದ ಹಲ್ಲು ವರ್ಷ ಕಳೆದು ಮತ್ತೆ ನೋಯಲು ಶುರುವಾದರೆ, ಒಳಗೊಂದು ನಾಳ ಉಳಿದುಹೋಗಿರಬಹುದು. ಮೇಲಿನ ಸಾಲಿನ ಮೊದಲ ದೊಡ್ಡ ದವಡೆ ಹಲ್ಲಿಗೆ ಬೇರು ಮೂರಾದರೂ ನಾಳ ಹೆಚ್ಚಾಗಿ ನಾಲ್ಕು. ಕೂದಲೆಳೆಯಂಥ ಆ ನಾಲ್ಕನೆಯದು ಬರಿಗಣ್ಣಿಗೆ ಸುಲಭವಾಗಿ ಸಿಗಲ್ಲ. ಸೂಕ್ಷ್ಮದರ್ಶಕವಿದ್ದರೆ ಹುಡುಕೋದು ಸಲೀಸು. ಸಿಕ್ಕ ನಾಳವನ್ನು ಫೈಲ್‌ನಿಂದ ಕೆರೆದರಷ್ಟೇ ಸಾಲದು. ಫೈಲ್ ಮುಟ್ಟದ ಸಂದುಗಳನ್ನು ಸೋಡಿಯಂ ಹೈಪೋಕ್ಲೋರೈಟ್‌ನಿಂದ ತೊಳೆಯಬೇಕು (ಬಟ್ಟೆಯ ಬ್ಲೀಚ್‌ನಲ್ಲಿರುವುದೂ ಇದೇ). ಎಂಜಲು ಒಳಗಿಳಿಯದಂತೆ ಹಲ್ಲಿನ ಸುತ್ತ ರಬ್ಬರ್ ಡ್ಯಾಮ್ ಹಾಕುತ್ತಾರೆ. ಕಿರಿಕಿರಿ ಅನಿಸಿದರೂ ಬೇಡ ಅನ್ನಬಾರದು. ತುಂಬಿದ ಪದಾರ್ಥ ಬೇರಿನ ತುದಿಗೆ 2 ಮಿ.ಮೀ. ಒಳಗಿನ ಅಂತರದಲ್ಲಿ ನಿಲ್ಲಬೇಕು, ತುದಿ ದಾಟಲೂಬಾರದು. ಎಕ್ಸ್‌ರೇಯಲ್ಲಿ ಇದು ಕಾಣುತ್ತದೆ, ಕೇಳಿ ನೋಡಬಹುದು. ಇಷ್ಟೆಲ್ಲ ಸರಿಯಾಗಿದ್ದೂ, ನೋವು ಹೋಯ್ತಲ್ಲ ಎಂದು ಕ್ಯಾಪ್ ಹಾಕಿಸದೆ ಬಿಟ್ಟ ದವಡೆ ಹಲ್ಲು ಸೀಳಿ, ಕೀಳಿಸಬೇಕಾಗಿ ಬರುವುದುಂಟು.