ದರಿಯಾಗಂಜಿನ ತಂದೂರು, ನಮ್ಮ ಕಡೆಯ ಕಲ್ಲು

"ಸೌತಿನವರಿಗೆ ಕೆಂಡದ ಅಡುಗೆ ಎಲ್ಲಿ ಗೊತ್ತು, ನೀವು ಇಡ್ಲಿ-ಸಾಂಬಾರಿನ ಜನ" ಅಂತ ದೆಹಲಿಯ ಗೆಳೆಯರೊಬ್ಬರು ಬಹಳ ವರ್ಷಗಳಿಂದ ನನ್ನನ್ನು ಕಿಚಾಯಿಸುತ್ತಿದ್ದರು. ಕಳೆದ ಚಳಿಗಾಲದಲ್ಲಿ ಅವರೇ ದರಿಯಾಗಂಜಿನ ಒಂದು ಹಳೆಯ ತಂದೂರಿ ಹೋಟೆಲಿಗೆ ಕರೆದುಕೊಂಡು ಹೋದರು. ನಾನು ಬೀದರ ಜಿಲ್ಲೆಯವನು, ಹೈದರಾಬಾದಿನಲ್ಲಿ ಮೂವತ್ತು ವರ್ಷ ಕಳೆದವನು. ರಂಜಾನ್ ತಿಂಗಳ ರಾತ್ರಿಗಳಲ್ಲಿ ಇಲ್ಲಿನ ಹಳೇ ಊರಿನ ಬೀದಿ ಬದಿಯಲ್ಲಿ ನಿಂತು ತಿನ್ನುವ ಪತ್ತರ್ ಕಾ ಗೋಶ್ತ್, ಅಂದರೆ ಕಲ್ಲಿನ ಮೇಲೆ ಸುಟ್ಟ ಖಂಡ, ನನಗೆ ಕೆಂಡದ ಅಡುಗೆಯ ಕೊನೇ ಮಾತು. ಆ ಪಕ್ಷಪಾತ ಇಟ್ಟುಕೊಂಡೇ ಈ ಬರಹ, ಮೊದಲೇ ಹೇಳಿಬಿಡುತ್ತೇನೆ :)

ತಂದೂರಿ ಕೋಳಿ ಚೆನ್ನಾಗಿತ್ತು. ಅಂಚು ಕರಕಲಾಗಿ, ಒಳಗೆ ಮೆತ್ತಗೆ, ಮೊಸರಿನ ಹುಳಿ ಮೂಳೆಯವರೆಗೂ ಇಳಿದಿತ್ತು. ಆದರೆ ತಿನ್ನುವಾಗ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ರುಚಿಗಿಂತ ಹೆಚ್ಚಾಗಿ ಅದು ಆ ಬೀದಿಗೆ ಬಂದ ದಾರಿ.

ತಂದೂರು ಬಹಳ ಹಳೆಯದು. ಪುರಾತನ ಅಕ್ಕಾಡಿಯನ್ ಭಾಷೆಯಲ್ಲೇ 'ತಿನೂರು' ಎಂಬ ಶಬ್ದವಿದೆ. ರಾಜಸ್ಥಾನದ ಕಾಲಿಬಂಗನ್‌ನಲ್ಲಿ ಹರಪ್ಪ ಕಾಲದ ಮಣ್ಣಿನ ಒಲೆಗಳು ಸಿಕ್ಕಿವೆ, ನೋಡಿದರೆ ಇಂದಿನ ತಂದೂರಿನ ಅಜ್ಜನಂತೆ ಕಾಣುತ್ತವೆ. ಆದರೆ ಪಂಜಾಬದ ಹಳ್ಳಿಗಳಲ್ಲಿ ತಂದೂರು ಎಂದರೆ ಮುಖ್ಯವಾಗಿ ರೊಟ್ಟಿಯ ಒಲೆ. ಓಣಿಗೊಂದು ಒಲೆ, ಹೆಂಗಸರು ಮನೆಯಲ್ಲಿ ಹಿಟ್ಟು ನಾದಿ ತಂದು ಅಲ್ಲಿ ಸುಟ್ಟುಕೊಂಡು ಹೋಗುತ್ತಿದ್ದರು. ಕೋಳಿಯನ್ನು ಅದರಲ್ಲಿ ಇಳಿಬಿಟ್ಟು ಹೋಟೆಲಿನ ತಿನಿಸಾಗಿ ಹೆಸರು ಮಾಡಿದ್ದು ಪೇಶಾವರದ ಮೋತಿ ಮಹಲ್. 1947ರಲ್ಲಿ ದೇಶ ಒಡೆದಾಗ ಅಲ್ಲಿ ಕೆಲಸ ಮಾಡುತ್ತಿದ್ದ ಕುಂದನ್ ಲಾಲ್ ಗುಜ್ರಾಲ್, ಕುಂದನ್ ಲಾಲ್ ಜಗ್ಗಿ ನಿರಾಶ್ರಿತರಾಗಿ ದೆಹಲಿಗೆ ಬಂದು ದರಿಯಾಗಂಜಿನಲ್ಲಿ ಅದೇ ಹೆಸರಿನ ಹೋಟೆಲು ತೆರೆದರು. ನೆಹರೂ ಅವರು ವಿದೇಶಿ ಅತಿಥಿಗಳಿಗೆ ಆ ಊಟ ತರಿಸುವಷ್ಟು ಅದು ಬೆಳೆಯಿತು. ಬೆಣ್ಣೆ-ಟೊಮೆಟೊ ಗೊಜ್ಜಿನ ಬಟರ್ ಚಿಕನ್ ಕೂಡ ಅಲ್ಲಿಯದೇ ಎನ್ನುತ್ತಾರೆ. ಅದನ್ನು ಮೊದಲು ಮಾಡಿದ್ದು ಯಾರು ಎಂದು ಎರಡೂ ಮನೆತನದವರ ನಡುವೆ 2024ರ ಜನವರಿಯಲ್ಲಿ ದೆಹಲಿ ಹೈಕೋರ್ಟಿನಲ್ಲಿ ದಾವೆಯೇ ಹೂಡಲಾಯಿತು. ಮನೆ-ಮಠ ಬಿಟ್ಟು ಬಂದವರ ಕೈರುಚಿ ಆಸ್ತಿಯಾಗುವುದು ಹೀಗೆ.

ಈಗ ನಮ್ಮ ಕಡೆಗೆ ಬರೋಣ. ಕಲ್ಲಿನ ಮೇಲಿನ ಖಂಡದ ಬಗ್ಗೆ ಹೈದರಾಬಾದಿನಲ್ಲಿ ಒಂದು ಕಥೆ ಹೇಳುತ್ತಾರೆ. ಆರನೇ ನಿಜಾಮ ಮಹಬೂಬ್ ಅಲಿ ಖಾನ್ ಶಿಕಾರಿಗೆ ಹೋದಾಗ ಅಡುಗೆಯವರು ಕಬಾಬಿನ ಸಲಾಕೆ ಮರೆತಿದ್ದರಂತೆ, ಬೇರೆ ದಾರಿ ಕಾಣದೆ ಕಲ್ಲು ಕಾಯಿಸಿದರಂತೆ. ನನಗಂತೂ ಈ ಕಥೆ ಸ್ವಲ್ಪ ಜಾಸ್ತಿಯೇ ಚಂದ ಅನ್ನಿಸುತ್ತದೆ. ಕಲ್ಲು ಕಾಯಿಸಿ ಖಂಡ ಸುಡಲು ಕುರಿ ಕಾಯುವವನಿಗೆ ನಿಜಾಮನ ಅಪ್ಪಣೆ ಬೇಕೆ?

ಕಥೆಗಿಂತ ನೆಲವೇ ಸರಿಯಾದ ಉತ್ತರ ಕೊಡುತ್ತದೆ. ಹೈದರಾಬಾದಿನ ಸುತ್ತ ಎಲ್ಲಿ ನೋಡಿದರೂ ಬಂಡೆ, ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟು. ಗಂಗಾ-ಯಮುನೆಯ ಬಯಲಿನಲ್ಲಿ ಕಲ್ಲು ಅಪರೂಪ, ಮೆಕ್ಕಲು ಮಣ್ಣು ಬೇಕಾದಷ್ಟು. ಅವರು ಮಣ್ಣಿನಿಂದ ಒಲೆ ಮಾಡಿದರು, ಇವರು ಕಲ್ಲನ್ನೇ ಹೆಂಚು ಮಾಡಿಕೊಂಡರು. (ನಮ್ಮ ಬೀದರದ ಮುರಕಲ್ಲು ಇದಕ್ಕೆ ಬರುವುದಿಲ್ಲ, ತೂತು ತೂತು ಕಲ್ಲು. ಕೋಟೆಗೆ ಸರಿ!)

ಸುಡುವ ರೀತಿಯೂ ಬೇರೆ. ತಂದೂರಿನಲ್ಲಿ ಸಲಾಕೆಗೆ ಸಿಕ್ಕಿಸಿದ ಮಾಂಸಕ್ಕೆ ಸುತ್ತಲ ಗೋಡೆಯ ಝಳ, ಕೆಳಗಿನ ಕೆಂಡದ ಬಿಸಿಗಾಳಿ. ಇಳಿದ ಕೊಬ್ಬು ಕೆಂಡದ ಮೇಲೆ ಬಿದ್ದು ಹೊಗೆಯಾಗಿ ಮೇಲೇರಿ ವಾಸನೆ ಕೊಡುತ್ತದೆ. ಕಲ್ಲಿನಲ್ಲಿ ಹಾಗಲ್ಲ. ದಪ್ಪ ಚಪ್ಪಡಿಯನ್ನು ಎರಡು ಆಸರೆಯ ಮೇಲಿಟ್ಟು, ಕೆಳಗೆ ಇದ್ದಿಲು ಹಾಕಿ, ಚೆನ್ನಾಗಿ ಕಾಯುವತನಕ ತಾಳ್ಮೆಯಿಂದ ಕಾಯಬೇಕು. ಮೂಳೆ ತೆಗೆದ ಕುರಿ ಮಾಂಸವನ್ನು ತೆಳ್ಳಗೆ ಬಡಿದು, ಶುಂಠಿ-ಬೆಳ್ಳುಳ್ಳಿ, ಮೆಣಸು ಮತ್ತು ಹಸಿ ಪಪ್ಪಾಯಿ ಹಚ್ಚಿ ನೆನೆಸಿರುತ್ತಾರೆ. ಪಪ್ಪಾಯಿಯ ಹಾಲು ಮಾಂಸದ ನಾರನ್ನು ಸಡಿಲ ಮಾಡುತ್ತದೆ. ಕಾದ ಕಲ್ಲಿಗೆ ಬಿದ್ದ ಕೂಡಲೇ 'ಚೊಂಯ್' ಎಂದು ಹಿಡಿದುಕೊಂಡು ಕಂದು ಪದರ ಕಟ್ಟುತ್ತದೆ, ಕೊಬ್ಬು ಓಡಿಹೋಗದೆ ತನ್ನ ರಸದಲ್ಲೇ ಖಂಡ ಬೇಯುತ್ತದೆ. ತಂದೂರಿನಲ್ಲಿ ಹೊಗೆಯ ರುಚಿ, ಕಲ್ಲಿನಲ್ಲಿ ಮಾಂಸದ ರುಚಿ. ನಾನು ಯಾಕೆ ಕಲ್ಲಿನ ಕಡೆ ಎಂದು ಈಗ ತಿಳಿದಿರಬೇಕು.

ಗೆಳೆಯರ ಇಡ್ಲಿ-ಸಾಂಬಾರಿನ ಮಾತಿಗೆ ಉತ್ತರವಿದ್ದದ್ದು ಮಾತ್ರ ಹೈದರಾಬಾದಿನಲ್ಲಲ್ಲ, ನಮ್ಮ ಜಿಲ್ಲೆಯ ಬಸವಕಲ್ಯಾಣದಲ್ಲಿ. ಅಲ್ಲಿಂದ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಬರೆದ. ಬಸವಣ್ಣನವರಿಗಿಂತ ಒಂದು ತಲೆಮಾರು ಮುಂಚಿನ ಕಲ್ಯಾಣ ಅದು. ಅದರ ಅನ್ನಭೋಗದ ಭಾಗ ಓದಿದರೆ ದೊರೆಯೇ ಒಲೆಯ ಮುಂದೆ ಕೂತಿದ್ದನೇನೋ ಅನ್ನಿಸುತ್ತದೆ. ಮಸಾಲೆ ಹಚ್ಚಿದ ಮಾಂಸದ ತುಂಡುಗಳನ್ನು ಸಲಾಕೆಗೆ ಪೋಣಿಸಿ ಕೆಂಡದ ಮೇಲೆ ಸುಡುವ ಅಡುಗೆಗೆ ಅಲ್ಲಿ 'ಭಡಿತ್ರಕ' ಎಂದೇ ಹೆಸರು. ಈಲಿಯನ್ನು ಅಡಿಕೆ ಆಕಾರಕ್ಕೆ ಕೊಯ್ದು ಕೆಂಡದಲ್ಲಿ ಸುಟ್ಟು, ಆಮೇಲೆ ಮಸಾಲೆಯಲ್ಲಿ ಹುರಿದು ಮೊಸರಿಗೆ ಹಾಕುವುದಿದೆ. ಹೊಳೆದಂಡೆಯ ಇಲಿಗಳನ್ನೂ ಬಿಟ್ಟಿಲ್ಲ! ಹಸಿಮೆಣಸಿನಕಾಯಿ, ಟೊಮೆಟೊ, ಪಪ್ಪಾಯಿ ಯಾವುದೂ ಇನ್ನೂ ನಮ್ಮ ನೆಲಕ್ಕೆ ಬಂದಿರಲಿಲ್ಲ. ಅವೆಲ್ಲ ಪೋರ್ಚುಗೀಸರು ಬಂದ ಮೇಲಿನವು. ಖಾರ ಎಂದರೆ ಕರಿಮೆಣಸು, ಘಮಕ್ಕೆ ಇಂಗು.

ಅಂದರೆ ಬಾಬರ್ ದೆಹಲಿಗೆ ಬರುವುದಕ್ಕೆ ಸುಮಾರು ನಾನೂರು ವರ್ಷ ಮೊದಲು ಕಲ್ಯಾಣದಲ್ಲಿ ಸಲಾಕೆಗೆ ಮಾಂಸ ಏರಿತ್ತು. ಹಾಗಂತ ಕಬಾಬು ಹುಟ್ಟಿದ್ದೇ ನಮ್ಮಲ್ಲಿ ಎಂದು ನಾನು ಹೇಳಲಾರೆ. ಬೆಂಕಿ, ಮಾಂಸ, ಕೋಲು ಇದ್ದಲ್ಲೆಲ್ಲ ಅದು ತಾನಾಗೇ ಹುಟ್ಟುತ್ತದೆ. ಗೆಳೆಯರಿಗೆ ಇದನ್ನೆಲ್ಲ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಮತ್ತೆ ನಿಮ್ಮ ಕಲ್ಲು ಯಾಕೆ ತಂದೂರಿನ ಹಾಗೆ ಊರೂರಿಗೆ ಬರಲಿಲ್ಲ?"

ಒಳ್ಳೆಯ ಪ್ರಶ್ನೆ. ತಂದೂರು ಹೋದದ್ದು ನಿರಾಶ್ರಿತರ ಜೊತೆ. ಯಾವ ಊರಿನ ಮಣ್ಣಾದರೂ ಆದೀತು, ಒಂದೇ ಒಲೆಯಲ್ಲಿ ರೊಟ್ಟಿಯೂ ಆಗುತ್ತದೆ, ಕೋಳಿಯೂ ಆಗುತ್ತದೆ, ಹತ್ತು ಟೇಬಲ್ಲಿಗೆ ಬೇಗ ಬೇಗ ಕೊಡಬಹುದು. ಕಲ್ಲಿಗೆ ಅವಸರ ಆಗದು. ಕಾಯಲು ಹೊತ್ತು ಬೇಕು, ಒಂದು ಸಲಕ್ಕೆ ಹಿಡಿಸುವುದು ನಾಲ್ಕಾರು ತುಂಡು, ನೀರು ಕುಡಿದ ಕಲ್ಲಾದರೆ ಬಿಸಿಗೆ ಸಿಡಿಯುತ್ತದೆ. ಹೋಟೆಲಿನ ಲೆಕ್ಕಕ್ಕೆ ಅದು ಒಗ್ಗಲಿಲ್ಲ. ಅದನ್ನು ತಿನ್ನಬೇಕಾದರೆ ಕಲ್ಲು ಇರುವಲ್ಲಿಗೆ ನಾವೇ ಹೋಗಬೇಕು. ಮುಂದಿನ ರಂಜಾನ್‌ಗೆ ಗೆಳೆಯರು ಹೈದರಾಬಾದಿನ ಟಿಕೆಟ್ಟು ತೆಗೆಸುತ್ತಾರಂತೆ.