ಭೂತಕಾಲದ ಅಪೂರ್ಣತೆ ಮತ್ತು ವಿಶ್ವದ ಆರಂಭ: 2003ರ ಪ್ರಮೇಯವೊಂದರ ವ್ಯಾಪ್ತಿ

ವಿಶ್ವ ಹಿಗ್ಗುತ್ತಿದೆ, ಒಂದು ಕಾಲಕ್ಕೆ ಅದು ಅತಿ ಸಾಂದ್ರವೂ ಅತ್ಯುಷ್ಣವೂ ಆಗಿತ್ತು ಎಂಬ ಬಗ್ಗೆ ಈಗ ತಕರಾರಿಲ್ಲ. 1965ರಲ್ಲಿ ಪೆಂಜಿಯಾಸ್ ಮತ್ತು ವಿಲ್ಸನ್ ಪ್ರಕಟಿಸಿದ ಹಿನ್ನೆಲೆ ವಿಕಿರಣ, ಹಗುರ ಧಾತುಗಳ ಪ್ರಮಾಣ, ಪ್ಲಾಂಕ್ ಉಪಗ್ರಹದ ಮಾಪನಗಳು ಎಲ್ಲವೂ ಇದಕ್ಕೆ ಹೊಂದುತ್ತವೆ. ನಾವು ಹೇಳುವ 1380 ಕೋಟಿ ವರ್ಷಗಳ ವಯಸ್ಸು ಆ ಬಿಸಿ ಹಂತದಿಂದ ಈಚೆಗಿನ ಲೆಕ್ಕ. ಅದಕ್ಕೂ ಮೊದಲು ಕಾಲವಿತ್ತೇ ಎಂಬುದು ಬೇರೆಯೇ ಪ್ರಶ್ನೆ.

ಅಮಲ್ ಕುಮಾರ್ ರಾಯ್‌ಚೌಧುರಿಯವರ 1955ರ ಸಮೀಕರಣದ ಬಲದಿಂದ ಹಾಕಿಂಗ್ ವಿಶ್ವಕ್ಕೆ ಅನ್ವಯಿಸಿದ ಸಿಂಗ್ಯುಲಾರಿಟಿ ಪ್ರಮೇಯ, ಗುರುತ್ವ ಸದಾ ಆಕರ್ಷಕವೆಂಬ ಶರತ್ತನ್ನು ನೆಚ್ಚಿತ್ತು. ಇನ್‌ಫ್ಲೇಷನ್, ಅಂದರೆ ವಿಶ್ವದ ಅತಿ ಆರಂಭಿಕ ಹಂತದ ರಭಸದ ಹಿಗ್ಗುವಿಕೆ, ಆ ಶರತ್ತನ್ನೇ ಮೀರುತ್ತದೆ. ಬೋರ್ಡೆ, ಗುತ್, ವಿಲೆಂಕಿನ್ 2003ರಲ್ಲಿ ಆ ಶರತ್ತಿನ ಹಂಗಿಲ್ಲದೆ, ಐನ್‌ಸ್ಟೈನ್ ಸಮೀಕರಣಗಳನ್ನೂ ಬಳಸದೆ, ಹೊಸ ಪ್ರಮೇಯವನ್ನು ಸಾಧಿಸಿದರು: ಭೂತಕಾಲದುದ್ದಕ್ಕೂ ಸರಾಸರಿ ಹಿಗ್ಗುವಿಕೆ ಧನಾತ್ಮಕವಾಗಿದ್ದರೆ ಆ ದೇಶಕಾಲ ಹಿಂದಕ್ಕೆ ಅಪೂರ್ಣ, ಅಂದರೆ ಅದರೊಳಗಿನ ಕೆಲವು ಪಥಗಳು ಹಿಂದಕ್ಕೆ ಸೀಮಿತ ಉದ್ದದಲ್ಲೇ ಮುಗಿಯುತ್ತವೆ. ವಿಶ್ವಕ್ಕೆ ಆರಂಭವಿತ್ತು ಎಂಬ ನಿಲುವಿಗೆ ವಿಲೆಂಕಿನ್ ಇದನ್ನು ಮುಖ್ಯ ಆಧಾರವಾಗಿ ಮುಂದಿಟ್ಟಿದ್ದಾರೆ. ನನ್ನ ಭಿನ್ನಾಭಿಪ್ರಾಯ ಈ ಕೊನೆಯ ಹೆಜ್ಜೆಯ ಬಗ್ಗೆ. ಪ್ರಮೇಯದ ಗಣಿತ ನಿಸ್ಸಂದೇಹವಾಗಿ ಸರಿ.

ಸ್ಥಿರ ಹಬಲ್ ದರ H ಇರುವ, ಸಮತಲ ಛೇದಗಳಲ್ಲಿ ಬಿಡಿಸಿದ ಡಿ ಸಿಟರ್ ದೇಶಕಾಲವನ್ನು ತೆಗೆದುಕೊಳ್ಳೋಣ. ಹಿಗ್ಗುವಿಕೆಯೊಂದಿಗೇ ಸಾಗುವ ವೀಕ್ಷಕನ ಗಡಿಯಾರ ಹಿಂದಕ್ಕೆ ಅನಂತವಾಗಿ ಓಡುತ್ತದೆ. ಆದರೆ ಬೆಳಕಿನ ಕಿರಣವನ್ನು ಹಿಂದಕ್ಕೆ ಹಿಡಿದು ಹೋದರೆ, ಅದರ ಅಫೈನ್ ಉದ್ದ (ಬೆಳಕಿನ ಪಥವನ್ನು ಅಳೆಯುವ ಮಾನ) ಇಂದಿನ ಮಾನಕ್ಕೆ ಸರಿಹೊಂದಿಸಿದಾಗ 1/H ಅಷ್ಟೇ. ಅಲ್ಲಿಗೆ ಅಪೂರ್ಣತೆ ಸಿದ್ಧಿಸಿತು. ಆ ಅಂಚಿನಲ್ಲಿ ಏನು ಸಂಭವಿಸುತ್ತದೆ? ಏನೂ ಇಲ್ಲ. ವಕ್ರತೆ ಎಲ್ಲೆಡೆ ಒಂದೇ. ಸಮತಲ ಛೇದಗಳು ಇಡೀ ಡಿ ಸಿಟರ್ ದೇಶಕಾಲದ ಅರ್ಧವನ್ನಷ್ಟೇ ಮುಚ್ಚುವುದರಿಂದ ನಕ್ಷೆ ಮುಗಿದಿದೆ, ನೆಲ ಮುಗಿದಿಲ್ಲ. ಅಗೀರೆ ಮತ್ತು ಗ್ರಾಟನ್ 2002ರಲ್ಲೇ ಈ ಅಂಚನ್ನು ದಾಟಿ ಮುಂದುವರಿಯುವ ಮಾದರಿಯನ್ನು ಕಟ್ಟಿದ್ದರು. ಹೀಗಾಗಿ, ಪ್ರಮೇಯ ತೋರಿಸುವುದು ಹಿಗ್ಗುವ ಪ್ರದೇಶಕ್ಕೆ ಗಡಿಯಿದೆ ಎಂದು. ಕಾಲಕ್ಕೇ ಗಡಿಯಿದೆ ಎಂದಲ್ಲ.

ಈ ಮಾತನ್ನು ಮೂರು ಕಡೆ ಬಿಗಿಮಾಡಬೇಕು. ನಿಜವಾದ ಇನ್‌ಫ್ಲೇಷನ್ ಶುದ್ಧ ಡಿ ಸಿಟರ್ ಅಲ್ಲ. ಯೋಶಿದಾ ಮತ್ತು ಕ್ವಿಂಟಿನ್ 2018ರಲ್ಲಿ ತೋರಿಸಿದಂತೆ, H ಬದಲಾಗುವ ದರವನ್ನು ಅಳತೆಗುಣಕದ ವರ್ಗದಿಂದ ಭಾಗಿಸಿದ ಪರಿಮಾಣ ಹಿಂದಕ್ಕೆ ಹೋದಂತೆ ಅನಂತವಾದರೆ ಅಂಚಿನಲ್ಲಿ ನಿಜವಾದ ಸಿಂಗ್ಯುಲಾರಿಟಿ ಇರುತ್ತದೆ. ಅಂಥ ಮಾದರಿಗಳಲ್ಲಿ ನನ್ನ ವಾದ ನಿಲ್ಲದು. ಅಗೀರೆ–ಗ್ರಾಟನ್ ಮಾದರಿಯಲ್ಲಿ ಕಾಲಬಾಣ ಅಂಚಿನ ಎರಡೂ ಬದಿಗೆ ಹೊರಮುಖವಾಗಿರುವುದರಿಂದ, ಆ ಅಂಚನ್ನು ಉಷ್ಣಗತಿಯ ಅರ್ಥದಲ್ಲಿ ಆರಂಭವೆನ್ನಲು ಅಡ್ಡಿಯಿಲ್ಲ. ಜೊತೆಗೆ, ಸರಾಸರಿ ಹಿಗ್ಗುವಿಕೆ ಇಲ್ಲದ ಕೆಲವು ಮಾದರಿಗಳೂ ಕ್ವಾಂಟಂ ಕುಸಿತಕ್ಕೆ ಒಳಗಾಗಬಹುದೆಂದು ಮಿಥಾನಿ ಮತ್ತು ವಿಲೆಂಕಿನ್ 2012ರಲ್ಲಿ ವಾದಿಸಿದ್ದಾರೆ. ಆದರೆ ಅದು ಆ ಮಾದರಿಗಳ ಸ್ಥಿರತೆಯನ್ನು ಕುರಿತ ಪ್ರತ್ಯೇಕ ವಾದ. 2003ರ ಪ್ರಮೇಯದಿಂದ ಅದು ಹೊಮ್ಮುವುದಿಲ್ಲ.

ಇತ್ಯರ್ಥವಾಗದೆ ಉಳಿಯುವ ಪ್ರಶ್ನೆ ಮತ್ತೊಂದು. ಪ್ರಮೇಯ ಪೂರ್ತಿಯಾಗಿ ಶಾಸ್ತ್ರೀಯ ದೇಶಕಾಲವನ್ನು ಕುರಿತದ್ದು. ದೇಶಕಾಲವೇ ಕ್ವಾಂಟಂ ಏರಿಳಿತಕ್ಕೆ ಸಿಕ್ಕಿದ ಹಂತದಲ್ಲಿ ‘ಸರಾಸರಿ ಹಿಗ್ಗುವಿಕೆ’ಯನ್ನು ಯಾವ ಪಥದ ಮೇಲೆ ಲೆಕ್ಕ ಹಾಕಬೇಕು ಎಂಬುದಕ್ಕೆ ಸರ್ವಸಮ್ಮತ ವ್ಯಾಖ್ಯೆ ಇನ್ನೂ ದೊರೆತಿಲ್ಲ.